ಎಐ ಏಜೆಂಟ್‌ಗೊಂದು ಖಾಯಂ ವಿಳಾಸ

2025ರ ಏಪ್ರಿಲ್ ಕೊನೆಯ ವಾರ ಚಾಟ್‌ಜಿಪಿಟಿ ಇದ್ದಕ್ಕಿದ್ದಂತೆ ಹೊಗಳುಭಟ್ಟನಾಯಿತು. ಬಳಕೆದಾರರು ಏನೇ ಹೇಳಲಿ, ಅದು ಹೌದು ಹೌದು ಎನ್ನುತ್ತಿತ್ತು. ಅರೆಬೆಂದ ಯೋಚನೆಗಳಿಗೂ ಭಲೇ ಎನ್ನುತ್ತಿತ್ತು. ಅದರ ಹಿಂದೆ ಕೆಲಸ ಮಾಡುತ್ತಿದ್ದ ಜಿಪಿಟಿ-4ಓ ಮಾದರಿಗೆ ಓಪನ್‌ಎಐ ಸಂಸ್ಥೆ ಏಪ್ರಿಲ್ 25ರಂದು ಒಂದು ಪರಿಷ್ಕರಣೆ ಮಾಡಿತ್ತು. ದೂರುಗಳು ಹೆಚ್ಚಾದಾಗ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡು ಹಿಂದಿನ ರೂಪವನ್ನೇ ಮತ್ತೆ ಜಾರಿಗೆ ತಂದಿತು. ಇಷ್ಟೆಲ್ಲ ನಡೆಯುವಾಗಲೂ ಬಳಕೆದಾರರ ಕಣ್ಣಿಗೆ ಕಾಣುತ್ತಿದ್ದ ಹೆಸರು ಒಂದೇ ಆಗಿತ್ತು. ಹೆಸರಿನ ಹಿಂದಿದ್ದದ್ದು ಮಾತ್ರ ಎರಡು ಬಾರಿ ಬದಲಾಗಿತ್ತು.

ಹೆಸರು ಹಾಗೇ ಉಳಿದು ಒಳಗಿನ ಸರಕು ಬದಲಾಗುವುದು ತಂತ್ರಾಂಶ ಲೋಕದಲ್ಲಿ ಹೊಸದೇನಲ್ಲ. ಮೊಬೈಲಿನ ಆ್ಯಪ್‌ಗಳು ವಾರಕ್ಕೊಮ್ಮೆ ಹೀಗೆ ಬದಲಾಗುತ್ತವೆ. ಆದರೆ ಮಾತನಾಡುವ ಎಐ ಈಗ ಕೆಲಸವನ್ನೂ ಮಾಡತೊಡಗಿದೆ. ಟಿಕೆಟ್ ರದ್ದು ಮಾಡುವುದು, ಹಣ ಮರಳಿಸುವುದು, ದೂರು ದಾಖಲಿಸುವುದು ಇಂಥ ಕೆಲಸಗಳನ್ನು ಕಂಪನಿಗಳು ಎಐ ಏಜೆಂಟ್‌ಗಳಿಗೆ ಒಪ್ಪಿಸುತ್ತಿವೆ. ಹಾಗಾದಾಗ ಕೆಲವು ಸರಳ ಪ್ರಶ್ನೆಗಳಿಗೆ ತೂಕ ಬರುತ್ತದೆ. ಈ ಗಳಿಗೆಯಲ್ಲಿ ಗ್ರಾಹಕನಿಗೆ ಉತ್ತರಿಸುತ್ತಿರುವುದು ಏಜೆಂಟಿನ ಯಾವ ಆವೃತ್ತಿ? ಅದೇ ಇರಲಿ ಎಂದು ತೀರ್ಮಾನಿಸಿದವರು ಯಾರು? ಎಡವಟ್ಟಾದರೆ ಹಿಂದಿನದಕ್ಕೆ ಮರಳುವುದು ಹೇಗೆ?

ಈ ಪ್ರಶ್ನೆಗಳಿಗೆ ಎಂಜಿನಿಯರ್‌ಗಳು ಕಂಡುಕೊಂಡಿರುವ ಉತ್ತರದಲ್ಲಿ ಎರಡು ಭಾಗಗಳಿವೆ. ಒಂದು, ಏಜೆಂಟಿಗೆ ಬದಲಾಗದ ಒಂದು ಹೆಸರು ಕೊಡುವುದು. ಇದನ್ನು ಅಲಿಯಾಸ್ ಎನ್ನುತ್ತಾರೆ. ಇನ್ನೊಂದು, ಆ ಹೆಸರು ಯಾವ ಆವೃತ್ತಿಗೆ ಸೇರಿದ್ದೆಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟು, ಆ ಕಡತದಂತೆಯೇ ವ್ಯವಸ್ಥೆ ನಡೆಯುವಂತೆ ಮಾಡುವುದು. ಅಮೆಜಾನ್ ವೆಬ್ ಸರ್ವೀಸಸ್, ಅಂದರೆ ಎಡಬ್ಲ್ಯುಎಸ್, ನಡೆಸುವ ಬೆಡ್‌ರಾಕ್ ಎಂಬ ಸೇವೆಯಲ್ಲಿ ಇವೆರಡೂ ಸ್ಪಷ್ಟ ರೂಪದಲ್ಲಿ ಸಿಗುವುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಏಜೆಂಟ್ ಒಳಗೆ ಏನಿದೆ?

ಬೆಡ್‌ರಾಕ್ ಎಂದರೆ ಬೇರೆ ಬೇರೆ ಸಂಸ್ಥೆಗಳ ಭಾಷಾ ಮಾದರಿಗಳನ್ನು ಬಾಡಿಗೆಗೆ ಬಳಸಲು ಇರುವ ವೇದಿಕೆ. ಇದು 2023ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಏಜೆಂಟ್ ಕಟ್ಟುವ ಸೌಲಭ್ಯವೂ ಅದರೊಳಗೆ ಬಂತು.

ಏಜೆಂಟ್ ಎಂದೊಡನೆ ಒಂದು ಬುದ್ಧಿವಂತ ಯಂತ್ರ ಕಣ್ಣಮುಂದೆ ಬರಬಹುದು. ನಿಜದಲ್ಲಿ ಅದು ನಾಲ್ಕು ಸಂಗತಿಗಳ ಜೋಡಣೆ. ಮೊದಲನೆಯದು ಭಾಷಾ ಮಾದರಿ. ಇದು ಮಾತನ್ನು ಅರ್ಥಮಾಡಿಕೊಂಡು ಮುಂದಿನ ಹೆಜ್ಜೆ ಯಾವುದೆಂದು ಯೋಚಿಸುವ ಭಾಗ. ಎರಡನೆಯದು ಸೂಚನೆ, ಏಜೆಂಟ್ ಯಾರು, ಏನು ಮಾಡಬೇಕು, ಏನು ಮಾಡಬಾರದು ಎಂದು ಸಾಮಾನ್ಯ ಭಾಷೆಯಲ್ಲಿ ಬರೆದ ಅಪ್ಪಣೆ. ಮೂರನೆಯದು ಕ್ರಿಯೆಗಳು; ಟಿಕೆಟ್ ರದ್ದು ಮಾಡುವಂಥ ಕೆಲಸಗಳನ್ನು ಬೇರೆಡೆ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳು ನಡೆಸುತ್ತವೆ, ಏಜೆಂಟ್ ಅವುಗಳನ್ನು ಕರೆಯುತ್ತದೆ. ನಾಲ್ಕನೆಯದು ಜ್ಞಾನಕೋಶ, ಕಂಪನಿಯ ನಿಯಮಗಳು, ದರಪಟ್ಟಿಗಳು, ಕೈಪಿಡಿಗಳು ಇರುವ ದಾಖಲೆಗಳ ಸಂಗ್ರಹ.

ಒಂದು ಕಲ್ಪಿತ ಬಸ್ ಕಂಪನಿಯನ್ನು ಊಹಿಸಿಕೊಳ್ಳೋಣ. ಅದರ ಏಜೆಂಟಿಗೆ ಹೀಗೊಂದು ಸೂಚನೆಯಿದೆ: ಪ್ರಯಾಣಕ್ಕೆ 12 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಸಿಗುತ್ತದೆ ಎಂದು ತಿಳಿಸು. ಈ ಒಂದು ವಾಕ್ಯದಲ್ಲಿ 12 ಹೋಗಿ 24 ಆದರೆ ಸಾವಿರಾರು ಪ್ರಯಾಣಿಕರ ಲೆಕ್ಕ ಬದಲಾಗುತ್ತದೆ. ಇಲ್ಲಿ ಯಾವ ಎಂಜಿನಿಯರೂ ಪ್ರೋಗ್ರಾಂ ಬರೆಯಬೇಕಾಗಿಲ್ಲ. ಒಂದು ಅಂಕಿ ತಿದ್ದಿದರೆ ಮುಗಿಯಿತು. ಏಜೆಂಟ್‌ಗಳ ವಿಷಯದಲ್ಲಿ ಆವೃತ್ತಿಯ ಪ್ರಶ್ನೆ ನಾಜೂಕಿನದಾಗುವುದು ಈ ಕಾರಣಕ್ಕೆ. ನಡವಳಿಕೆ ಬದಲಾಯಿಸುವುದು ಬಹಳ ಸುಲಭ. ಬದಲಾಗಿದೆ ಎಂದು ಹೊರಗಿನಿಂದ ಕಂಡುಹಿಡಿಯುವುದು ಬಹಳ ಕಷ್ಟ.

ಕರಡು, ಆವೃತ್ತಿ, ಅಲಿಯಾಸ್

ಬೆಡ್‌ರಾಕ್‌ನಲ್ಲಿ ಪ್ರತಿ ಏಜೆಂಟಿಗೂ ಒಂದು ಕರಡು ಪ್ರತಿ ಇರುತ್ತದೆ. ಅದರ ಹೆಸರೇ ಡ್ರಾಫ್ಟ್. ತಿದ್ದುವುದು, ಸೇರಿಸುವುದು, ಪ್ರಯೋಗ ಮಾಡುವುದು ಎಲ್ಲವೂ ಕರಡಿನ ಮೇಲೆ. ತಿದ್ದಿದ ಮೇಲೆ ಸಿದ್ಧಪಡಿಸು ಎಂಬ ಅಪ್ಪಣೆ ಕೊಡಬೇಕು. ಆಗ ಕರಡು ಪರೀಕ್ಷೆಗೆ ತಯಾರಾಗುತ್ತದೆ. ಪರೀಕ್ಷೆಗೆಂದೇ ಪ್ರತಿ ಏಜೆಂಟಿಗೂ ತಾನಾಗಿ ಒಂದು ಅಲಿಯಾಸ್ ಸಿಗುತ್ತದೆ. ಅದು ಯಾವಾಗಲೂ ಕರಡನ್ನೇ ತೋರಿಸುತ್ತದೆ, ಹಾಗಾಗಿ ನಿಜವಾದ ಗ್ರಾಹಕರಿಗೆ ಅದನ್ನು ಕೊಡುವುದು ಸಲ್ಲದು.

ಕರಡು ಒಂದು ಹದಕ್ಕೆ ಬಂದಾಗ ಅದರ ಅಚ್ಚು ತೆಗೆಯಲಾಗುತ್ತದೆ. ಅದೇ ಆವೃತ್ತಿ. ಅದಕ್ಕೆ 1, 2, 3 ಎಂಬ ಸಂಖ್ಯೆ ಬೀಳುತ್ತದೆ. ಒಮ್ಮೆ ಅಚ್ಚಾದ ಆವೃತ್ತಿಯನ್ನು ಯಾರೂ ತಿದ್ದಲಾಗದು. ಆರನೇ ಆವೃತ್ತಿಯಲ್ಲಿ ಬರೆದ ಸೂಚನೆ ಇಂದು ಹೇಗಿದೆಯೋ ಮುಂದಿನ ವರ್ಷವೂ ಹಾಗೆಯೇ ಇರುತ್ತದೆ. ಬದಲಾವಣೆ ಬೇಕಿದ್ದರೆ ಕರಡನ್ನು ತಿದ್ದಿ ಏಳನೆಯದನ್ನು ಮಾಡಬೇಕು.

ಈಗ ಅಲಿಯಾಸ್. ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವಾಗ ನಾವು ಅಲ್ಲಿ ಕೂತಿರುವವರ ಹೆಸರು ಹಾಕುವುದಿಲ್ಲ, ‘ತಹಶೀಲ್ದಾರರಿಗೆ’ ಎಂದು ಬರೆಯುತ್ತೇವೆ. ಅಧಿಕಾರಿಗೆ ವರ್ಗವಾದರೂ ಅರ್ಜಿಯ ವಿಳಾಸ ಬದಲಾಗುವುದಿಲ್ಲ. ಅಲಿಯಾಸ್ ಅಂಥ ಒಂದು ಹುದ್ದೆ. ಆವೃತ್ತಿ ಆ ಹುದ್ದೆಯಲ್ಲಿ ಸದ್ಯಕ್ಕೆ ಇರುವ ವ್ಯಕ್ತಿ. ಬಸ್ ಕಂಪನಿಯ ಜಾಲತಾಣ ಏಜೆಂಟನ್ನು ಕರೆಯುವಾಗ ಆರನೇ ಆವೃತ್ತಿಯನ್ನು ಕೊಡು ಎಂದು ಕೇಳುವುದಿಲ್ಲ. ಏಜೆಂಟಿನ ಗುರುತು ಸಂಖ್ಯೆ ಮತ್ತು ಅಲಿಯಾಸಿನ ಗುರುತು ಸಂಖ್ಯೆ ಎರಡನ್ನು ಹೇಳುತ್ತದೆ, ಅಷ್ಟೇ. ಆ ಅಲಿಯಾಸ್ ಇಂದು ಯಾವ ಆವೃತ್ತಿಗೆ ಸೇರಿದೆ ಎಂಬುದನ್ನು ಬೆಡ್‌ರಾಕ್ ನೋಡಿಕೊಳ್ಳುತ್ತದೆ. ಹೀಗಾಗಿ ಜಾಲತಾಣದ ಒಂದು ಅಕ್ಷರವನ್ನೂ ಮುಟ್ಟದೆ ಅದರ ಹಿಂದಿನ ಏಜೆಂಟನ್ನು ಬದಲಾಯಿಸಬಹುದು.

ಅನುಮತಿಯೂ ಹುದ್ದೆಗೇ ಅಂಟಿಕೊಂಡಿರುತ್ತದೆ. ಏಜೆಂಟನ್ನು ಕರೆಯುವ ಹಕ್ಕನ್ನು ಎಡಬ್ಲ್ಯುಎಸ್‌ನಲ್ಲಿ ನಿರ್ದಿಷ್ಟ ಅಲಿಯಾಸಿನ ಮೇಲೆ ಕೊಡಲಾಗುತ್ತದೆ. ಗ್ರಾಹಕರ ಜಾಲತಾಣಕ್ಕೆ ‘ಉತ್ಪಾದನೆ’ ಎಂಬ ಅಲಿಯಾಸನ್ನು ಮಾತ್ರ ಕರೆಯುವ ಅನುಮತಿ ಕೊಟ್ಟು, ಪರೀಕ್ಷೆಯ ಅಲಿಯಾಸಿನ ಬಾಗಿಲು ಮುಚ್ಚಬಹುದು. ಅರ್ಧ ತಿದ್ದಿದ ಕರಡು ಅಕಸ್ಮಾತ್ತಾಗಿ ಗ್ರಾಹಕರ ಮುಂದೆ ಬರುವ ಅಪಾಯ ಇದರಿಂದ ತಪ್ಪುತ್ತದೆ. ಹಲವು ಏಜೆಂಟ್‌ಗಳು ಸೇರಿ ಕೆಲಸ ಮಾಡುವ ಏರ್ಪಾಡಿನಲ್ಲೂ ಇದೇ ಕ್ರಮ: ಮೇಲ್ವಿಚಾರಕ ಏಜೆಂಟ್ ತನ್ನ ಸಹಾಯಕರನ್ನು ಅವರವರ ಅಲಿಯಾಸ್ ಮೂಲಕವೇ ಗುರುತಿಸುತ್ತದೆ.

ಕ್ಲಿಕ್ಕಿನಿಂದ ಕಡತಕ್ಕೆ

ಅಲಿಯಾಸನ್ನು ಸೃಷ್ಟಿಸಲು ಎರಡು ದಾರಿಗಳಿವೆ. ಎಡಬ್ಲ್ಯುಎಸ್‌ನ ನಿರ್ವಹಣಾ ಪುಟ ತೆರೆದು, ಹೆಸರು ತುಂಬಿ, ಗುಂಡಿ ಒತ್ತುವುದು ಒಂದು ದಾರಿ. ಕಲಿಯುವವರಿಗೆ ಇದು ಸಲೀಸು. ಆದರೆ ಆರು ತಿಂಗಳ ನಂತರ ಆ ಗುಂಡಿ ಒತ್ತಿದ್ದು ಏಕೆ ಎಂದು ಕೇಳಿದರೆ ಪುಟ ಉತ್ತರ ಹೇಳುವುದಿಲ್ಲ. ಅಂಥದೇ ಏರ್ಪಾಡನ್ನು ಇನ್ನೊಂದು ಕಡೆ ಮಾಡಬೇಕಾಗಿ ಬಂದರೆ ನೆನಪಿನ ಮೇಲೆ ಮತ್ತೆ ಎಲ್ಲವನ್ನೂ ಒತ್ತುತ್ತ ಹೋಗಬೇಕು. ಎಲ್ಲೋ ಒಂದು ಆಯ್ಕೆ ತಪ್ಪಿರುತ್ತದೆ.

ಇನ್ನೊಂದು ದಾರಿ ಬೇಕಾದ್ದನ್ನು ಕಡತದಲ್ಲಿ ಬರೆಯುವುದು. ಇದಕ್ಕೆ ಇನ್‌ಫ್ರಾಸ್ಟ್ರಕ್ಚರ್ ಆ್ಯಸ್ ಕೋಡ್ ಎಂಬ ಹೆಸರಿದೆ. ಅಂದರೆ ಕಂಪ್ಯೂಟರ್ ಮೂಲಸೌಕರ್ಯವನ್ನು ಪ್ರೋಗ್ರಾಂನಂತೆ ಬರೆದಿಡುವುದು. ಎಡಬ್ಲ್ಯುಎಸ್ ತನ್ನ ಕ್ಲೌಡ್‌ಫಾರ್ಮೇಶನ್ ಸೇವೆಯನ್ನು 2011ರಲ್ಲಿ ಇದಕ್ಕಾಗಿಯೇ ತಂದಿತು. 2014ರಲ್ಲಿ ಹ್ಯಾಶಿಕಾರ್ಪ್ ಸಂಸ್ಥೆಯ ಟೆರಾಫಾರ್ಮ್ ಬಂತು. ಅದು ಬೇರೆ ಬೇರೆ ಕಂಪನಿಗಳ ಕ್ಲೌಡ್‌ಗಳಿಗೂ ಹೊಂದುತ್ತದೆ. ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳಲ್ಲಿ ಕ್ಲೌಡ್ ಕೆಲಸ ಮಾಡುವವರಿಗೆ ಇವೆರಡೂ ದಿನಬಳಕೆಯ ಹೆಸರುಗಳು.

ಈ ಕಡತಗಳ ವಿಶೇಷವೆಂದರೆ ಅವು ಏನು ಮಾಡಬೇಕು ಎಂದು ಹೇಳುವುದಿಲ್ಲ, ಕೊನೆಗೆ ಏನಿರಬೇಕು ಎಂದು ಹೇಳುತ್ತವೆ. ‘ಉತ್ಪಾದನೆ ಎಂಬ ಅಲಿಯಾಸ್ ಇರಬೇಕು, ಅದು ಆರನೇ ಆವೃತ್ತಿಯನ್ನು ತೋರಿಸಬೇಕು’ ಎಂದಷ್ಟೇ ಬರೆದರೆ ಸಾಕು. ಉಪಕರಣವು ಬರೆದದ್ದನ್ನೂ ತನಗೆ ತಿಳಿದಿರುವ ಸದ್ಯದ ಸ್ಥಿತಿಯನ್ನೂ ಹೋಲಿಸಿ, ಅಲಿಯಾಸ್ ಇಲ್ಲದಿದ್ದರೆ ಸೃಷ್ಟಿಸುತ್ತದೆ, ಬೇರೆ ಆವೃತ್ತಿಯಲ್ಲಿದ್ದರೆ ಬದಲಾಯಿಸುತ್ತದೆ, ಸರಿಯಾಗಿದ್ದರೆ ಸುಮ್ಮನಿರುತ್ತದೆ. ಈ ಕೊನೆಯ ಗುಣವನ್ನು ನೆನಪಿಟ್ಟುಕೊಳ್ಳಿ. ಅದರಿಂದ ಮುಂದೆ ಒಂದು ತೊಡಕು ಹುಟ್ಟುತ್ತದೆ.

ಆ ನಾಲ್ಕಾರು ಸಾಲುಗಳು

ಕ್ಲೌಡ್‌ಫಾರ್ಮೇಶನ್ ಕಡತದಲ್ಲಿ ಅಲಿಯಾಸ್ ತೆಗೆದುಕೊಳ್ಳುವ ಜಾಗ ತೀರಾ ಚಿಕ್ಕದು. ಎರಡು ವಿವರಗಳು ಕಡ್ಡಾಯ: ಅಲಿಯಾಸಿನ ಹೆಸರು ಮತ್ತು ಅದು ಯಾವ ಏಜೆಂಟಿಗೆ ಸೇರಿದ್ದು ಎಂಬ ಗುರುತು. ಉಳಿದವು ಐಚ್ಛಿಕ: ಒಂದು ಸಾಲಿನ ವಿವರಣೆ, ಲೆಕ್ಕಪತ್ರಕ್ಕೆ ಅನುಕೂಲವಾಗುವ ಟ್ಯಾಗ್‌ಗಳು, ಮತ್ತು ರೌಟಿಂಗ್ ಕಾನ್ಫಿಗರೇಶನ್, ಅಂದರೆ ಬಂದ ಕರೆಯನ್ನು ಯಾವ ಆವೃತ್ತಿಗೆ ಕಳಿಸಬೇಕೆಂಬ ನಿರ್ದೇಶನ. ಕಡ್ಡಾಯವಲ್ಲದಿದ್ದರೂ ಎಲ್ಲಕ್ಕಿಂತ ತೂಕದ ಸಾಲು ಈ ಕೊನೆಯದು.

ಏಜೆಂಟಿನ ಗುರುತನ್ನು ಕೈಯಾರೆ ಬರೆಯುವ ಅಗತ್ಯವಿಲ್ಲ. ಅದೇ ಕಡತದಲ್ಲಿ ಮೇಲೆ ವಿವರಿಸಿದ ಏಜೆಂಟಿನಿಂದ ತೆಗೆದುಕೋ ಎಂದರೆ ಸಾಕು. ಏಜೆಂಟ್ ಮೊದಲು, ಅಲಿಯಾಸ್ ನಂತರ ಎಂಬ ಕ್ರಮವನ್ನು ಕ್ಲೌಡ್‌ಫಾರ್ಮೇಶನ್ ತಾನೇ ಲೆಕ್ಕ ಹಾಕುತ್ತದೆ. ಒಂದೇ ಕಡತವನ್ನು ಪರೀಕ್ಷಾ ಖಾತೆಯಲ್ಲೂ ನಿಜವಾದ ಖಾತೆಯಲ್ಲೂ, ಮುಂಬೈ ಕೇಂದ್ರದಲ್ಲೂ ಬೇರೆ ದೇಶದ ಕೇಂದ್ರದಲ್ಲೂ ಬಳಸಲು ಸಾಧ್ಯವಾಗುವುದು ಇದರಿಂದಲೇ. ಗುರುತು ಸಂಖ್ಯೆಗಳು ಪ್ರತಿ ಕಡೆಯೂ ಬೇರೆ ಬೇರೆಯಾಗಿರುತ್ತವೆ, ಕಡತ ಮಾತ್ರ ಒಂದೇ.

ಹೊಸಬರು ಎಡವುವ ಒಂದು ಚಿಕ್ಕ ಕಲ್ಲು ಇಲ್ಲಿದೆ. ಸೃಷ್ಟಿಯಾದ ಅಲಿಯಾಸನ್ನು ಕಡತದ ಬೇರೆ ಭಾಗಕ್ಕೆ ಕೊಡಬೇಕಾದಾಗ ರೆಫ್ ಎಂಬ ಸಾಮಾನ್ಯ ಉಲ್ಲೇಖವನ್ನು ಬಳಸುವುದು ಅಭ್ಯಾಸ. ಆದರೆ ಇಲ್ಲಿ ರೆಫ್ ಕೊಡುವುದು ಅಲಿಯಾಸಿನ ಗುರುತನ್ನಷ್ಟೇ ಅಲ್ಲ. ಏಜೆಂಟಿನ ಗುರುತು, ನಡುವೆ ಒಂದು ಲಂಬಗೆರೆ, ಆಮೇಲೆ ಅಲಿಯಾಸಿನ ಗುರುತು ಹೀಗೆ ಎರಡನ್ನೂ ಅಂಟಿಸಿ ಕೊಡುತ್ತದೆ. ಅದನ್ನು ಹಾಗೆಯೇ ಜಾಲತಾಣದ ಪ್ರೋಗ್ರಾಂಗೆ ಕೊಟ್ಟರೆ ಕರೆ ವಿಫಲವಾಗುತ್ತದೆ. ಅಲಿಯಾಸಿನ ಗುರುತು ಮಾತ್ರ ಬೇಕಿದ್ದರೆ ಗೆಟ್‌ಆ್ಯಟ್ ಎಂಬ ಇನ್ನೊಂದು ಉಲ್ಲೇಖದಿಂದ ಕೇಳಿ ಪಡೆಯಬೇಕು.

ಬರೆಯದೆ ಬಿಟ್ಟರೆ ಏನಾಗುತ್ತದೆ?

ರೌಟಿಂಗ್ ಸಾಲನ್ನು ಬರೆಯದೆ ಬಿಟ್ಟರೆ ಬೆಡ್‌ರಾಕ್ ತಾನೇ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲಿಯಾಸ್ ಸೃಷ್ಟಿಯಾಗುವಾಗ ಆ ಕ್ಷಣದ ಕರಡಿನ ಅಚ್ಚು ತೆಗೆದು, ಹೊಸ ಆವೃತ್ತಿ ಮಾಡಿ, ಅಲಿಯಾಸನ್ನು ಅದಕ್ಕೆ ಜೋಡಿಸುತ್ತದೆ. ಆವೃತ್ತಿ ಹುಟ್ಟುವುದು ಅಲಿಯಾಸಿನ ನೆಪದಲ್ಲಿ ಎಂಬುದು ಬೆಡ್‌ರಾಕ್ ಏಜೆಂಟ್‌ಗಳ ವೈಶಿಷ್ಟ್ಯ. ಮೊದಲ ಬಾರಿಗೆ ಇದು ಹಿತವೆನಿಸುತ್ತದೆ. ಒಂದೇ ಏಟಿಗೆ ಎರಡು ಕೆಲಸ ಮುಗಿಯುತ್ತದೆ.

ತೊಡಕು ಶುರುವಾಗುವುದು ಎರಡನೇ ಬಾರಿಗೆ. ಬಸ್ ಕಂಪನಿಯವರು ಕಡತದಲ್ಲಿ ಏಜೆಂಟಿನ ಸೂಚನೆಯನ್ನು ತಿದ್ದಿ 12ನ್ನು 24 ಮಾಡಿದರು ಎನ್ನಿ. ಕಡತವನ್ನು ಜಾರಿಗೊಳಿಸಿದರು. ಉಪಕರಣ ಯಶಸ್ವಿ ಎಂದು ಹಸಿರು ಗುರುತು ತೋರಿಸಿತು. ಆದರೆ ಗ್ರಾಹಕರಿಗೆ ಏಜೆಂಟ್ ಇನ್ನೂ 12 ಗಂಟೆ ಎಂದೇ ಹೇಳುತ್ತಿದೆ. ಕಾರಣ ಸರಳ. ಕಡತದಲ್ಲಿ ಬದಲಾದದ್ದು ಏಜೆಂಟಿನ ಭಾಗ, ಹಾಗಾಗಿ ಕರಡು ಬದಲಾಯಿತು. ಅಲಿಯಾಸಿನ ಸಾಲುಗಳು ಹಿಂದಿನಂತೆಯೇ ಇದ್ದವು. ಬದಲಾಗದ್ದನ್ನು ಮುಟ್ಟದಿರುವುದು ಉಪಕರಣದ ಸ್ವಭಾವ, ಹಾಗಾಗಿ ಅಲಿಯಾಸ್ ಹಳೆಯ ಆವೃತ್ತಿಯಲ್ಲೇ ಉಳಿಯಿತು. ಯಾವ ಭಾಗವೂ ಕೆಟ್ಟಿಲ್ಲ. ಪ್ರತಿಯೊಂದೂ ತನಗೆ ಹೇಳಿದ್ದನ್ನೇ ಮಾಡಿದೆ.

ಇದಕ್ಕೆ ಎರಡು ಬಗೆಯ ಪರಿಹಾರಗಳು ಬಳಕೆಯಲ್ಲಿವೆ. ಕೆಲವು ತಂಡಗಳು ಅಲಿಯಾಸಿನ ವಿವರಣೆಯ ಸಾಲಿನಲ್ಲಿ ಏಜೆಂಟಿನ ಒಟ್ಟು ಸ್ವರೂಪದಿಂದ ಲೆಕ್ಕ ಹಾಕಿದ ಒಂದು ಗುರುತನ್ನು ಸೇರಿಸುತ್ತವೆ. ಸೂಚನೆಯಲ್ಲಿ ಒಂದು ಅಂಕಿ ಬದಲಾದರೂ ಆ ಗುರುತು ಬದಲಾಗುತ್ತದೆ, ಅದರಿಂದ ಅಲಿಯಾಸೂ ಬದಲಾದಂತೆ ಉಪಕರಣಕ್ಕೆ ಕಾಣುತ್ತದೆ, ಹೊಸ ಆವೃತ್ತಿ ಹುಟ್ಟುತ್ತದೆ. ಅಭಿವೃದ್ಧಿಯ ಹಂತದಲ್ಲಿ ಇದು ಅನುಕೂಲ, ಏಕೆಂದರೆ ಎಲ್ಲರಿಗೂ ಯಾವಾಗಲೂ ಹೊಸದೇ ಸಿಗುತ್ತದೆ.

ಇನ್ನು ಕೆಲವರು ರೌಟಿಂಗ್ ಸಾಲಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ಬಾಯಿಬಿಟ್ಟು ಬರೆಯುತ್ತಾರೆ. ಇಲ್ಲಿ, ಕರಡನ್ನು ತೋರಿಸುವ ತಾನಾಗಿ ಸಿಗುವ ಅಲಿಯಾಸಿನ ಹೊರತಾಗಿ, ಪರೀಕ್ಷೆಗೊಂದು, ಉತ್ಪಾದನೆಗೊಂದು ಹೀಗೆ ಎರಡು ಅಲಿಯಾಸ್‌ಗಳಿರುತ್ತವೆ. ಹೊಸ ಆವೃತ್ತಿ ಹುಟ್ಟುವುದು ಪರೀಕ್ಷೆಯ ಅಲಿಯಾಸಿನಲ್ಲಿ. ಅಲ್ಲಿ ಕೆಲವು ದಿನ ಪ್ರಶ್ನೆಗಳನ್ನು ಕೇಳಿ ನೋಡಿ, ಸರಿಯೆನಿಸಿದ ಮೇಲೆ ಉತ್ಪಾದನೆಯ ಸಾಲಿನಲ್ಲಿ 6 ಅಳಿಸಿ 7 ಬರೆಯುತ್ತಾರೆ. ಈ ಕ್ರಮ ನಿಧಾನ. ಆದರೆ ಗ್ರಾಹಕರ ಮುಂದೆ ಯಾವುದು ಬರಬೇಕೆಂಬ ತೀರ್ಮಾನ ಇಲ್ಲಿ ಮನುಷ್ಯರ ಕೈಯಲ್ಲಿದೆ, ಮತ್ತು ಅದು ಬರಹದಲ್ಲಿದೆ.

ಹಿಂದಕ್ಕೆ ಹೋಗುವ ದಾರಿಯೂ ಅಷ್ಟೇ ಸರಳ. ಏಳನೆಯದು ಕೈಕೊಟ್ಟರೆ 7ನ್ನು 6 ಮಾಡಿದರಾಯಿತು. ಆರನೇ ಆವೃತ್ತಿಯನ್ನು ಯಾರೂ ತಿದ್ದಿರಲು ಸಾಧ್ಯವಿಲ್ಲದ್ದರಿಂದ ಮೊನ್ನೆ ಇದ್ದ ಸೂಚನೆಯೇ ಮತ್ತೆ ಸಿಗುತ್ತದೆ. ಆದರೆ ಯಾವಾಗ ಹಿಂದಕ್ಕೆ ಹೋಗಬೇಕು ಎಂಬುದನ್ನು ಉಪಕರಣ ಹೇಳಲಾರದು. ಅಲಿಯಾಸ್ ಸೃಷ್ಟಿಯಾಗದಿದ್ದರೆ, ಅನುಮತಿ ಸಾಲದಿದ್ದರೆ ಕ್ಲೌಡ್‌ಫಾರ್ಮೇಶನ್ ತಾನಾಗಿ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಏಜೆಂಟ್ ಸುಳ್ಳು ಹೇಳತೊಡಗಿದರೆ ಅದಕ್ಕೆ ತಿಳಿಯುವುದಿಲ್ಲ. ಜಿಪಿಟಿ-4ಓ ಪ್ರಕರಣದಲ್ಲಿ ಪರೀಕ್ಷೆಯ ಅಂಕಿಗಳೆಲ್ಲ ಚೆನ್ನಾಗಿಯೇ ಇದ್ದವು ಎಂದು ಓಪನ್‌ಎಐ ಆಮೇಲೆ ಒಪ್ಪಿಕೊಂಡಿತು. ಕೈಯಾರೆ ಮಾತನಾಡಿಸಿ ನೋಡಿದ ಕೆಲವು ಪರೀಕ್ಷಕರಿಗೆ ಮಾತ್ರ ಏನೋ ಸರಿಯಿಲ್ಲ ಅನಿಸಿತ್ತು.

ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬಿಡೋಣ ಎಂದರೆ ಅದಕ್ಕೂ ಒಂದು ಮಿತಿಯಿದೆ. ಎಡಬ್ಲ್ಯುಎಸ್‌ನದೇ ಲ್ಯಾಂಬ್ಡಾ ಎಂಬ ಸೇವೆ ಸಣ್ಣ ಪ್ರೋಗ್ರಾಂಗಳನ್ನು ಓಡಿಸುತ್ತದೆ. ಅದರಲ್ಲೂ ಅಲಿಯಾಸ್‌ಗಳಿವೆ; ನೂರು ಕರೆಗಳಲ್ಲಿ ಹತ್ತನ್ನು ಹೊಸ ಆವೃತ್ತಿಗೆ, ಉಳಿದದ್ದನ್ನು ಹಳೆಯದಕ್ಕೆ ಕಳಿಸು ಎಂದು ಅಲ್ಲಿ ಹೇಳಬಹುದು. ಬೆಡ್‌ರಾಕ್ ಏಜೆಂಟಿನ ಅಲಿಯಾಸಿಗೆ ಒಂದು ಸಲಕ್ಕೆ ಒಂದೇ ಆವೃತ್ತಿ. ಹಂತಹಂತವಾಗಿ ಬಿಡಬೇಕಿದ್ದರೆ ಎರಡು ಅಲಿಯಾಸ್ ಇಟ್ಟುಕೊಂಡು, ಯಾವ ಗ್ರಾಹಕನಿಗೆ ಯಾವುದು ಎಂದು ಜಾಲತಾಣದ ಪ್ರೋಗ್ರಾಂನಲ್ಲೇ ಹಂಚಬೇಕಾಗುತ್ತದೆ.

ಇನ್ನೊಬ್ಬರ ಕಣ್ಣು

ಕಡತದಲ್ಲಿ ಬರೆಯುವುದರ ನಿಜವಾದ ಲಾಭ ಉಪಕರಣದಿಂದ ಬರುವಷ್ಟೇ ಕಡತ ಇರುವ ಜಾಗದಿಂದಲೂ ಬರುತ್ತದೆ. ಇಂಥ ಕಡತಗಳನ್ನು ಸಾಮಾನ್ಯವಾಗಿ ಗಿಟ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಇಡುತ್ತಾರೆ. ಅಲ್ಲಿ ಪ್ರತಿ ತಿದ್ದುಪಡಿಗೂ ಯಾರು, ಎಂದು, ಏಕೆ ಎಂಬ ಟಿಪ್ಪಣಿ ಸೇರುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪುವವರೆಗೆ ಅದು ಜಾರಿಯಾಗದಂತೆ ತಡೆಯಬಹುದು. ಆರು ಹೋಗಿ ಏಳಾದ ಆ ಒಂದು ಅಂಕಿಯನ್ನು ಗ್ರಾಹಕ ಸೇವೆಯ ಮುಖ್ಯಸ್ಥರೂ ಕಾನೂನು ವಿಭಾಗದವರೂ ನೋಡಿ ಹೂಂ ಅನ್ನಬಹುದು. ಪ್ರೋಗ್ರಾಂ ಓದಲು ಬಾರದವರಿಗೂ ಆ ಸಾಲು ಅರ್ಥವಾಗುತ್ತದೆ.

ಆದರೆ ಪರಿಶೀಲನೆಯ ಬಾಗಿಲು ಇದ್ದರೆ ಸಾಲದು, ಪಕ್ಕದ ಕಿಂಡಿಗಳು ಮುಚ್ಚಿರಬೇಕು. 2025ರ ಮೇ 14ರಂದು ಎಕ್ಸ್ ಜಾಲತಾಣದ ಗ್ರಾಕ್ ಎಂಬ ಎಐ, ಕೇಳಿದ್ದೇನೇ ಇರಲಿ, ದಕ್ಷಿಣ ಆಫ್ರಿಕಾದ ಒಂದು ವಿವಾದಿತ ರಾಜಕೀಯ ವಿಷಯವನ್ನೇ ಎತ್ತತೊಡಗಿತು. ಅದರ ಸೂಚನೆಯನ್ನು ಯಾರೋ ಅನಧಿಕೃತವಾಗಿ ತಿದ್ದಿದ್ದಾರೆ ಎಂದು ಗ್ರಾಕ್ ರೂಪಿಸಿದ ಎಕ್ಸ್‌ಎಐ ಸಂಸ್ಥೆ ಹೇಳಿತು. ಗಮನಿಸಬೇಕಾದ ಸಂಗತಿ ಇದು: ಸೂಚನೆಗಳನ್ನು ಪರಿಶೀಲಿಸುವ ಕ್ರಮ ಆ ಸಂಸ್ಥೆಯಲ್ಲಿ ಮೊದಲೇ ಇತ್ತು, ಈ ತಿದ್ದುಪಡಿ ಅದನ್ನು ತಪ್ಪಿಸಿಕೊಂಡು ಹೋಗಿತ್ತು. ಆಮೇಲೆ ಸಂಸ್ಥೆ ಗ್ರಾಕ್‌ನ ಸೂಚನೆಗಳನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್ ಜಾಲತಾಣದಲ್ಲಿ ಪ್ರಕಟಿಸುವುದಾಗಿಯೂ ಪರಿಶೀಲನೆಯಿಲ್ಲದೆ ಉದ್ಯೋಗಿಗಳು ಅವನ್ನು ಬದಲಾಯಿಸಲಾಗದಂತೆ ತಡೆ ಹಾಕುವುದಾಗಿಯೂ ತಿಳಿಸಿತು.

ಬೆಡ್‌ರಾಕ್‌ನಲ್ಲೂ ಇಂಥ ಕಿಂಡಿ ಇದೆ. ಕಡತ ಏನೇ ಹೇಳಲಿ, ಅಧಿಕಾರವಿರುವ ಯಾರಾದರೂ ನಿರ್ವಹಣಾ ಪುಟ ತೆರೆದು ಅಲಿಯಾಸನ್ನು ಬೇರೆ ಆವೃತ್ತಿಗೆ ತಿರುಗಿಸಬಹುದು. ಆಗ ಕಡತ ಹೇಳುವುದು ಒಂದು, ನಡೆಯುವುದು ಇನ್ನೊಂದು. ಈ ಅಂತರಕ್ಕೆ ಎಂಜಿನಿಯರ್‌ಗಳು ಡ್ರಿಫ್ಟ್ ಎನ್ನುತ್ತಾರೆ. ದಾಖಲೆಯಿಂದ ವಾಸ್ತವ ದೂರ ಸರಿಯುವುದು ಎಂದರ್ಥ. ಟೆರಾಫಾರ್ಮ್ ಬದಲಾವಣೆಗೆ ಮುನ್ನ ತಯಾರಿಸುವ ಪ್ರತಿ ಯೋಜನೆಯಲ್ಲೂ ಇಂಥ ಅಂತರವನ್ನು ತೋರಿಸಲು ಪ್ರಯತ್ನಿಸುತ್ತದೆ. ಅದಕ್ಕಿಂತ ಭದ್ರವಾದ ಉಪಾಯವೆಂದರೆ ಉತ್ಪಾದನೆಯ ಅಲಿಯಾಸನ್ನು ಬದಲಾಯಿಸುವ ಹಕ್ಕನ್ನು ಯಾವ ವ್ಯಕ್ತಿಗೂ ಕೊಡದೆ, ಕಡತವನ್ನು ಜಾರಿಗೊಳಿಸುವ ಸ್ವಯಂಚಾಲಿತ ವ್ಯವಸ್ಥೆಗೆ ಮಾತ್ರ ಕೊಡುವುದು.

ಆವೃತ್ತಿಯ ಹೊರಗೆ ಉಳಿಯುವುದು

ಆವೃತ್ತಿ ಅಚ್ಚಾದ ಮೇಲೆ ಬದಲಾಗದು ಎಂದು ಮೇಲೆ ಹೇಳಿದೆ. ಆ ಮಾತಿಗೆ ಒಂದು ಗಡಿಯಿದೆ, ಅದನ್ನು ಗುರುತಿಸದಿದ್ದರೆ ಈ ಇಡೀ ಏರ್ಪಾಡು ಸುಳ್ಳು ಧೈರ್ಯ ಕೊಡುತ್ತದೆ.

ಆವೃತ್ತಿಯಲ್ಲಿ ಅಚ್ಚಾಗುವುದು ಸೂಚನೆ, ಮಾದರಿಯ ಹೆಸರು, ಮತ್ತು ಯಾವ ಕ್ರಿಯೆಗೆ ಯಾವ ಪ್ರೋಗ್ರಾಂ ಕರೆಯಬೇಕೆಂಬ ವಿಳಾಸ. ಆ ಪ್ರೋಗ್ರಾಂನ ಒಳಗಿನ ಬರಹ ಅಚ್ಚಾಗುವುದಿಲ್ಲ. ಬಸ್ ಕಂಪನಿ ಏಳನೇ ಆವೃತ್ತಿಯ ಜೊತೆಗೆ, ಹಣ ಲೆಕ್ಕ ಹಾಕುವ ಲ್ಯಾಂಬ್ಡಾ ಪ್ರೋಗ್ರಾಂನಲ್ಲೂ 12ನ್ನು 24 ಮಾಡಿತು ಎನ್ನಿ. ಏಳನೆಯದು ಸರಿಬರದೆ ಅಲಿಯಾಸನ್ನು ಆರಕ್ಕೆ ಮರಳಿಸಿತು. ಈಗ ಏಜೆಂಟ್ ಬಾಯಲ್ಲಿ 12 ಗಂಟೆ ಎನ್ನುತ್ತದೆ, ಹಣ ಕೊಡುವಾಗ ಲೆಕ್ಕ 24ರ ಪ್ರಕಾರ ನಡೆಯುತ್ತದೆ. ಹದಿನೈದು ಗಂಟೆ ಮೊದಲು ಟಿಕೆಟ್ ರದ್ದು ಮಾಡಿದ ಪ್ರಯಾಣಿಕನಿಗೆ ಪೂರ್ತಿ ಹಣದ ಭರವಸೆ ಸಿಗುತ್ತದೆ, ಪೂರ್ತಿ ಹಣ ಸಿಗುವುದಿಲ್ಲ. ಇದನ್ನು ತಪ್ಪಿಸಲು ಏಜೆಂಟ್ ಲ್ಯಾಂಬ್ಡಾವನ್ನು ಕರೆಯುವಾಗಲೂ ಸಂಖ್ಯೆಯುಳ್ಳ ಆವೃತ್ತಿಯನ್ನೇ ಕರೆಯುವಂತೆ ಕಡತದಲ್ಲಿ ಬರೆಯಬೇಕು. ಆಗ ಎರಡೂ ಒಟ್ಟಿಗೆ ಮುಂದೆ ಹೋಗುತ್ತವೆ, ಒಟ್ಟಿಗೆ ಹಿಂದೆ ಬರುತ್ತವೆ.

ಜ್ಞಾನಕೋಶದ ವಿಷಯವೂ ಇದೇ. ಯಾವ ಸಂಗ್ರಹವನ್ನು ನೋಡಬೇಕೆಂಬುದು ಆವೃತ್ತಿಯಲ್ಲಿರುತ್ತದೆ, ಸಂಗ್ರಹದೊಳಗಿನ ದಾಖಲೆಗಳು ಇರುವುದಿಲ್ಲ. ಯಾರೋ ದರಪಟ್ಟಿಯ ಹೊಸ ಪ್ರತಿಯನ್ನು ಅಲ್ಲಿ ಹಾಕಿದ ಮರುಕ್ಷಣದಿಂದಲ್ಲದಿದ್ದರೂ, ಸಂಗ್ರಹವನ್ನು ಮತ್ತೆ ಓದಿಸಿದ ಮೇಲೆ, ಹಳೆಯ ಆವೃತ್ತಿಯೂ ಹೊಸ ದರವನ್ನೇ ಹೇಳುತ್ತದೆ. ಮಾದರಿಗೂ ಆಯುಸ್ಸಿದೆ. ಬೆಡ್‌ರಾಕ್‌ನಲ್ಲಿ ಮಾದರಿಗಳು ಸಕ್ರಿಯ, ಹಳತಾದದ್ದು, ಮುಗಿದದ್ದು ಎಂಬ ಮೂರು ಹಂತಗಳಲ್ಲಿ ಸಾಗುತ್ತವೆ. ಮುಗಿದ ಮಾದರಿಯನ್ನು ನೆಚ್ಚಿಕೊಂಡ ಆವೃತ್ತಿ ದಾಖಲೆಯಲ್ಲಿ ಎಷ್ಟು ಭದ್ರವಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಎರಡು ವರ್ಷ ಹಿಂದಿನ ಆವೃತ್ತಿಗೆ ಮರಳಬಹುದು ಎಂಬ ನಂಬಿಕೆಯಲ್ಲಿ ಕೂರುವಂತಿಲ್ಲ.

ಉತ್ತರ ಹೇಳಬೇಕಾದವರು

ಇಷ್ಟು ಸಣ್ಣ ಸಾಲಿನ ಬಗ್ಗೆ ಇಷ್ಟು ಮಾತೇಕೆ ಎಂದು ಕೇಳಬಹುದು. ಕೆನಡಾದ ಒಂದು ಪ್ರಕರಣ ಇದಕ್ಕೆ ಉತ್ತರವಾಗಬಲ್ಲದು. 2022ರ ನವೆಂಬರ್‌ನಲ್ಲಿ ಏರ್ ಕೆನಡಾದ ಜಾಲತಾಣದ ಚಾಟ್‌ಬಾಟ್, ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿ ದರವನ್ನು ಪ್ರಯಾಣದ ನಂತರವೂ ಕೇಳಬಹುದು ಎಂದು ತಪ್ಪಾಗಿ ಹೇಳಿತು. ಕಂಪನಿ ಹಣ ಕೊಡಲು ಒಪ್ಪಲಿಲ್ಲ. ಬ್ರಿಟಿಷ್ ಕೊಲಂಬಿಯಾದ ನಾಗರಿಕ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು: ತನ್ನ ಜಾಲತಾಣದಲ್ಲಿರುವ ಮಾಹಿತಿಗೆಲ್ಲ ಕಂಪನಿಯೇ ಹೊಣೆ, ಅದು ಸಾಮಾನ್ಯ ಪುಟದಿಂದ ಬಂದಿರಲಿ, ಚಾಟ್‌ಬಾಟ್‌ನಿಂದ ಬಂದಿರಲಿ. ಬಡ್ಡಿ ಮತ್ತು ಶುಲ್ಕ ಸೇರಿ ಕಂಪನಿ ಕೊಡಬೇಕಾದದ್ದು ಸುಮಾರು 812 ಕೆನಡಾ ಡಾಲರ್. ಮೊತ್ತ ಚಿಕ್ಕದು, ತತ್ವ ಚಿಕ್ಕದಲ್ಲ.

ಹೊಣೆ ಕಂಪನಿಯದೇ ಆದರೆ, ಅಂದು ಹಾಗೆ ಹೇಳಿದ್ದು ಯಾವ ಆವೃತ್ತಿ, ಅದರಲ್ಲಿ ಏನು ಬರೆದಿತ್ತು, ಅದನ್ನು ಒಪ್ಪಿದವರು ಯಾರು ಎಂದು ತೋರಿಸುವ ಸ್ಥಿತಿಯಲ್ಲಾದರೂ ಅದು ಇರಬೇಕು. ಬೆಡ್‌ರಾಕ್ ತನ್ನ ಕಡೆಯಿಂದ ಪ್ರತಿ ಅಲಿಯಾಸಿಗೂ ಒಂದು ಚರಿತ್ರೆಯನ್ನು ಇಡುತ್ತದೆ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಆವೃತ್ತಿ ಎಂಬ ಪಟ್ಟಿ. ಆ ಪಟ್ಟಿ ಯಾವಾಗ ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಏಕೆ ಎಂಬುದು ಕಡತದಲ್ಲಿ, ಅದರ ತಿದ್ದುಪಡಿಯ ಟಿಪ್ಪಣಿಯಲ್ಲಿ, ಒಪ್ಪಿದವರ ಹೆಸರಿನಲ್ಲಿ ಉಳಿಯುತ್ತದೆ. ಎರಡೂ ಸೇರಿದರೆ ಮಾತ್ರ ದಾಖಲೆ ಪೂರ್ತಿ.

ಎಲ್ಲ ಏಜೆಂಟಿಗೂ ಇಷ್ಟು ಬಿಗಿ ಬೇಕಿಲ್ಲ. ಕಚೇರಿಯೊಳಗೆ ಸಭೆಯ ಟಿಪ್ಪಣಿ ಬರೆಯುವ ಏಜೆಂಟಿನ ಅಲಿಯಾಸ್ ಯಾವಾಗಲೂ ಹೊಸ ಆವೃತ್ತಿಯನ್ನೇ ತೋರಿಸುತ್ತಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಸಾರ್ವಜನಿಕರ ಹಣ, ಹಕ್ಕು, ಆರೋಗ್ಯಕ್ಕೆ ಸಂಬಂಧಿಸಿದ ಮಾತನಾಡುವ ಏಜೆಂಟಿನ ವಿಷಯದಲ್ಲಿ ಎರಡು ಕಟ್ಟಳೆಗಳನ್ನು ಪಾಲಿಸುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಉತ್ಪಾದನೆಯ ಅಲಿಯಾಸಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ಕಡತದಲ್ಲಿ ಬರೆದೇ ಬದಲಾಯಿಸಬೇಕು, ತಾನಾಗಿ ಬದಲಾಗಲು ಬಿಡಬಾರದು. ಮತ್ತು ಆ ಬದಲಾವಣೆಯನ್ನು ಒಪ್ಪುವವರಲ್ಲಿ, ಏಜೆಂಟ್ ತಪ್ಪು ಹೇಳಿದರೆ ಗ್ರಾಹಕನ ಎದುರು ಉತ್ತರ ಕೊಡಬೇಕಾದವರು ಒಬ್ಬರಾದರೂ ಇರಬೇಕು. ಎಂಜಿನಿಯರ್‌ಗಳು ದಾರಿಯನ್ನು ಹಾಕಿಕೊಟ್ಟಿದ್ದಾರೆ; ಆ ದಾರಿಯಲ್ಲೇ ನಡೆಯಬೇಕೆಂಬ ನಿಯಮವನ್ನು ಮಾಡಬೇಕಾದದ್ದು ಸಂಸ್ಥೆಗಳನ್ನು ನಡೆಸುವವರು.